ಇಡ್ಲಿ ಪಾತ್ರೆಯಲ್ಲಿ ಬೆಂದ ಓಲೆ

ಮೊನ್ನೆ ಎದುರು ಮನೆಯ ಪುಟ್ಟಮ್ಮಣ್ಣಿ ಬಂದು, "ರತ್ನಕ್ಕ, ನೆಂಟ್ರು ಬಂದವ್ರೆ, ನಿಮ್ಮ ದೊಡ್ಡ ಇಡ್ಲಿ ಪಾತ್ರೆ ಒಂದಿನದ ಮಟ್ಟಿಗೆ ಕೊಡಿ" ಎಂದಳು. ಕೊಡುವುದಿಲ್ಲ ಎಂದೆ. ಪಾತ್ರೆಯೇನೋ ಅಟ್ಟದ ಮೇಲಿಂದ ಬಾಯಿ ತೆರೆದುಕೊಂಡು ನಮ್ಮಿಬ್ಬರನ್ನೂ ನೋಡುತ್ತಲೇ ಇತ್ತು. ಮನೆಯಲ್ಲಿಲ್ಲ ಎಂದು ಸುಳ್ಳು ಹೇಳುವ ಹಾಗೂ ಇರಲಿಲ್ಲ. ಅವಳು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೆರಗು ಕೊಡವಿಕೊಂಡು ಹೊರಟುಹೋದಳು. ಸಂಜೆ ಹಾಲು ತರಲು ಹೋದರೆ ಡೈರಿಯ ಮುಂದೆ ನಿಂತ ಹೆಂಗಸರೆಲ್ಲ ನನ್ನನ್ನು ಕಂಡು ಮಾತು ನಿಲ್ಲಿಸಿದರು.

ಕಾರಣ ಹೇಳಿಬಿಡೋಣವೆಂದರೆ ಅದು ಹಾಲಿನ ಕ್ಯಾನಿನ ಪಕ್ಕ ನಿಂತು ಹೇಳಿ ಮುಗಿಸುವ ಕತೆಯಲ್ಲ. ಆ ಪಾತ್ರೆಯ ಮೂರನೇ ತಟ್ಟೆಯ ಒಂದು ಗುಳಿಯಲ್ಲಿ ನವಿಲುನೀಲಿ ಕಲೆಯೊಂದಿದೆ. ಹುಣಸೆಹಣ್ಣು ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ, ಕೊನೆಗೆ ಇಟ್ಟಿಗೆ ಪುಡಿ ಹಾಕಿ ಉಜ್ಜಿದೆ. ತಟ್ಟೆ ಸವೆಯಿತೇ ಹೊರತು ಕಲೆ ಸವೆಯಲಿಲ್ಲ. ಅದರಲ್ಲಿ ಇಡ್ಲಿ ಬೇಯಿಸಿ ಬಡಿಸಿದರೆ ನೆಂಟಸ್ತಿಕೆ ಉಳಿಯುತ್ತದೋ ಇಲ್ಲವೋ, ನೆಂಟರ ಹೊಟ್ಟೆಯಂತೂ ಕೆಡುತ್ತದೆ. ಏಕೆಂದರೆ ನಾನು ಅದರಲ್ಲಿ ಓಲೆ ಬೇಯಿಸಿದ್ದೆ. ಕಿವಿಯ ಓಲೆ. ಹೌದು, ನೀವು ಸರಿಯಾಗಿಯೇ ಓದಿದಿರಿ.

ನಾನು ಸೀರೆ ಮಾರುವವಳು. ಅಂಗಡಿಯಿಲ್ಲ, ಹೆಗಲ ಮೇಲಿನ ಗಂಟೇ ಅಂಗಡಿ. ಕೊಳ್ಳೇಗಾಲದ ಮಗ್ಗದ ಮನೆಗಳಲ್ಲಿ ಸೀರೆ ಎತ್ತಿಕೊಂಡು ಸತ್ತೇಗಾಲ, ಮಾಂಬಳ್ಳಿ, ಯಳಂದೂರು, ಹನೂರು ಎಂದು ಮೂವತ್ತು ವರ್ಷ ಬಸ್ಸು ಹತ್ತಿ ಇಳಿದಿದ್ದೇನೆ. ಓದಿದ್ದು ಏಳನೇ ಕ್ಲಾಸು. ವ್ಯಾಪಾರ ಕಲಿಸಿದ ಗುರು ಯಾರೂ ಇಲ್ಲ, ಕಲಿತದ್ದೆಲ್ಲ ಮೋಸ ಹೋಗಿ ಕಲಿತದ್ದು. ಆದ್ದರಿಂದ ಯಾರು ಕೇಳಲಿ ಬಿಡಲಿ ನಾನು ಬುದ್ಧಿ ಹೇಳುತ್ತೇನೆ. ನಿಮಗೂ ಒಂದು ಹೇಳಿಬಿಡುತ್ತೇನೆ. ಬೇಕಾದ ವಸ್ತುವಿನ ಬೆಲೆ ಮೊದಲು ಕೇಳಬೇಡಿ. ಪಕ್ಕದಲ್ಲಿರುವ ಬೇಡದ ವಸ್ತುವಿನ ಬೆಲೆ ಕೇಳಿ, ಅದಕ್ಕಾಗಿ ಹತ್ತು ನಿಮಿಷ ಜಗಳವಾಡಿ, ಮುನಿಸಿಕೊಂಡು ಎರಡು ಹೆಜ್ಜೆ ಹೊರಟು, ಆಮೇಲೆ ತಿರುಗಿ, "ಹೋಗ್ಲಿ, ಇದೆಷ್ಟು?" ಎನ್ನಿ. ಈ ಮಾತನ್ನು ನೆನಪಿಟ್ಟುಕೊಂಡರೆ ಜೀವನದಲ್ಲಿ ಅರ್ಧ ಉಳಿಯುತ್ತದೆ. ಉಳಿದರ್ಧ ಹೇಗೆ ಹೋಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇಂಥ ನಾನು ಮೊದಲ ಬಾರಿ ಬೆಚ್ಚಿಬಿದ್ದದ್ದು ಕೊಳ್ಳೇಗಾಲದಲ್ಲೇ, ಬ್ಯಾಂಕಿನ ಮೇಡಂ ಒಬ್ಬರ ಮನೆಯ ಸೋಫಾದ ಮೇಲೆ. ಆಕೆ ಒಂದು ರೇಷ್ಮೆ ಸೀರೆಯ ಬೆಲೆಯನ್ನು ಅಗೆದಗೆದು ಇಳಿಸುತ್ತಿದ್ದರು. ನಾನೂ ಅಳುಮೋರೆ ಮಾಡಿಕೊಂಡು ಇಳಿಯುತ್ತಿದ್ದೆ. ಆಕೆಯ ಕಿವಿಯಲ್ಲಿ ನವಿಲುನೀಲಿಯ ದೊಡ್ಡ ಓಲೆ, ಅಂಗೈಯ ಅರ್ಧದಷ್ಟಿತ್ತು. ಮಾತು ಬದಲಿಸೋಣವೆಂದು, "ಓಲೆ ಚೆನ್ನಾಗಿದೆ ಮೇಡಂ, ಮರದ್ದಾ?" ಎಂದೆ.

"ಅಲ್ಲ ಆಂಟಿ, ಪಾಲಿಮರ್ ಕ್ಲೇ. ಒಂಥರಾ ಪ್ಲಾಸ್ಟಿಕ್ ಮಣ್ಣು. ಕೈಯಲ್ಲೇ ಮಾಡೋದು."

ಬೆಲೆ ಹೇಳಿದರು. ನಾನು ಗಂಟಿನ ಮೇಲೆ ಕೈಯೂರಿಕೊಂಡೆ. ಆಕೆ ನನ್ನ ಸೀರೆಯಿಂದ ಕಿತ್ತುಕೊಳ್ಳಲು ಅರ್ಧ ಗಂಟೆಯಿಂದ ಹೆಣಗುತ್ತಿದ್ದ ಮೊತ್ತಕ್ಕಿಂತ ಆ ಮಣ್ಣಿನ ಬೆಲೆಯೇ ಹೆಚ್ಚು! ಹುಳು ಸತ್ತು, ನೂಲು ಬಿಚ್ಚಿ, ಮಗ್ಗದ ಗುಂಡಿಯಲ್ಲಿ ಕೂತು ಒಬ್ಬ ಮನುಷ್ಯ ವಾರಗಟ್ಟಲೆ ಕಾಲಾಡಿಸಿದ ಸೀರೆಗೆ ಚೌಕಾಶಿ, ಮಣ್ಣಿಗೆ ಕೇಳಿದಷ್ಟು! ಆಕೆ ಓಲೆ ಬಿಚ್ಚಿ ನನ್ನ ಕೈಗಿಟ್ಟರು. ಆಗ ಇನ್ನೊಂದು ಆಘಾತ. ಕೈಯಲ್ಲಿ ಏನೂ ಇಲ್ಲವೇ ಇಲ್ಲ ಎನ್ನುವಷ್ಟು ಹಗುರ. ಒಣಗಿದ ಹೂವಿಗೂ ಅದಕ್ಕಿಂತ ತೂಕವಿರುತ್ತದೆ.

ಆ ಹಗುರಕ್ಕೆ ನನಗೆ ನಾಗಮ್ಮ ನೆನಪಾದಳು.

ನಾಗಮ್ಮ ಸತ್ತೇಗಾಲದವಳು. ಗದ್ದೆ, ಕಬ್ಬು, ತೆಂಗು ಇರುವ ಕುಳ. ನನ್ನ ಹಳೆಯ ಗಿರಾಕಿ. ಇಪ್ಪತ್ತು ವರ್ಷದಿಂದ ಆಕೆ ನನ್ನ ಹತ್ತಿರ ಕೇಳಿದ್ದು ಒಂದೇ, "ಸೆರಗು ಅಗಲವಾಗಿರ್ಲಿ ಕಣಕ್ಕ." ಯಾವಾಗಲೂ ಸೆರಗು ತಲೆಯ ಮೇಲೆ, ಎರಡೂ ಕಿವಿ ಒಳಗೆ. ಎಷ್ಟು ಮಾನವಂತ ಹೆಂಗಸು ಎಂದುಕೊಂಡು ನಾನು ಆ ಮನೆಗೆಂದೇ ಅಗಲ ಸೆರಗಿನ ಸೀರೆ ಎತ್ತಿಡುತ್ತಿದ್ದೆ. ಬ್ಯಾಂಕಿನ ಮೇಡಂ ಮನೆಗೆ ಹೋಗುವ ಹಿಂದಿನ ವಾರವಷ್ಟೇ, ಮಗಳ ಮದುವೆಗೆಂದು ಸೀರೆ ಮೈಮೇಲೆ ಹಾಕಿಕೊಂಡು ನೋಡುತ್ತಿದ್ದಾಗ ಫ್ಯಾನಿನ ಗಾಳಿಗೆ ಸೆರಗು ಜಾರಿತು. ನಾನು ಕಂಡುಬಿಟ್ಟೆ. ಎರಡೂ ಕಿವಿಯ ಹಾಲೆ ನಡುವೆ ಸೀಳಿ, ಹಾವಿನ ನಾಲಗೆಯ ಹಾಗೆ ಎರಡೆರಡಾಗಿ ನೇತಾಡುತ್ತಿತ್ತು.

ನನ್ನ ಮುಖ ನೋಡಿ ಆಕೆಯೇ ನಕ್ಕಳು. "ನಮ್ಮತ್ತೆ ಕೊಟ್ಟ ಓಲೆ ಕಣಕ್ಕ. ಒಂದೊಂದೂ ಅಡ್ಕೆ ಗಾತ್ರ. ಎಡಗಿವಿ ಅದ್ರ ತೂಕಕ್ಕೇ ಅರೀತು. ಬಲಗಿವೀದ ಮಗಳು ಆಲ್ ಕುಡೀತಾ ಕುಡೀತಾ ಜಗ್ಬುಟ್ಳು."

"ಹೊಲಿಸ್ಕೋಬಾರ್ದೇನವ್ವ?"

"ಮೈಸೂರ್ಗೋಗಿ ಒಲಿಸ್ಕಂಡು ಬಂದಿದ್ದೆ ಒಂದ್ಸಲ. ಸಕ್ಕರೆ ಕಾಯ್ಲೆ ನೋಡು, ಕೀವಾಗಿ ಮತ್ತೆ ಬುಟ್ಕೊತು."

ಆಮೇಲೆ ಆಕೆ ಹೇಳಿದ ಮಾತಿಗೆ ನಾನು ದಂಗಾದೆ. ಮಗಳ ಧಾರೆಯನ್ನು ಆಕೆ ಎರೆಯುವುದಿಲ್ಲವಂತೆ! ಅಪ್ಪ ಮಗಳ ಕೈ ಹಿಡಿದುಕೊಂಡಾಗ ತಾಯಿಯಾದವಳು ಎರಡು ಕೈಯಲ್ಲಿ ಗಿಂಡಿ ಎತ್ತಿ ಹಾಲು ಬಿಡಬೇಕಲ್ಲ, ಅಲ್ಲಿ ಓರಗಿತ್ತಿ ಸಾಕಮ್ಮನನ್ನು ನಿಲ್ಲಿಸುವುದೆಂದು ತೀರ್ಮಾನವಾಗಿತ್ತಂತೆ.

"ಸೆರಗ ಇಡ್ಕಳಕ್ಕೂ ಕೈ ಬೇಕು, ಗಿಂಡಿ ಇಡ್ಕಳಕ್ಕೂ ಕೈ ಬೇಕು. ದ್ಯಾವ್ರು ನಾಕ್ ಕೈ ಕೊಟ್ಟಿಲ್ವಲ್ಲಕ್ಕ. ಬೀಗ್ರ ಕಡೆ ಜನ, ವೀಡಿಯೋದವ್ರು, ಎಲ್ರ ಮುಂದೆ ಈ ಬೋಳುಗಿವಿ ಬುಟ್ಕಂಡು ನಿಂತ್ಕಳದಾ? ಸಾಕಮ್ಮನ ಕಿವಿ ನೋಡು, ಓಲೆ ಹಾಕಂಡ್ರೆ ಲಕ್ಷ್ಮಿ ಇದ್ದಂಗವ್ಳೆ. ಅವ್ಳೇ ಎರೀಲಿ ಬುಡು."

ಹೆತ್ತು, ಹಾಲೂಡಿಸಿ, ಅದೇ ಕೂಸಿನ ಕೈಯಲ್ಲಿ ಕಿವಿ ಹರಿಸಿಕೊಂಡವಳು ಮಂಟಪದ ಕಂಬದ ಹಿಂದೆ ನಿಲ್ಲುವುದು! ನಾನು ಬಿಕರಿಯಾಗದ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದೆ. ಈಗ ಬ್ಯಾಂಕಿನ ಮೇಡಂ ಕಿವಿಯ ಓಲೆ ನನ್ನ ಕೈಯಲ್ಲಿತ್ತು. ಆ ಮಣ್ಣನ್ನು ಎಲ್ಲಿಂದ ತರಿಸುತ್ತಾರೆ ಎಂದು ಕೇಳಿದೆ. ಅವರೇ ತಮ್ಮ ಫೋನಿನಲ್ಲಿ ಕೆಂಪು, ಹೊನ್ನಿನ ಬಣ್ಣ, ಬಿಳಿ ಎಂದು ಮೂರು ಪೊಟ್ಟಣ ತರಿಸಿಕೊಟ್ಟರು. ಕೈ ಪಳಗಲಿ ಎಂದು ತಮ್ಮಲ್ಲಿ ಉಳಿದಿದ್ದ ನೀಲಿ ಮುದ್ದೆಯನ್ನೂ ಕೊಟ್ಟರು. ಸೀರೆಗೆ ಅವರು ಕೇಳಿದ ಬೆಲೆಯನ್ನೇ ಒಪ್ಪಿಕೊಂಡೆ. ಅದು ನನ್ನ ಮೂವತ್ತು ವರ್ಷದ ವ್ಯಾಪಾರದಲ್ಲಿ ಮೊದಲ ಸಲ. ಬೆಚ್ಚಿಬೀಳುವ ಸರದಿ ಅವರದಾಯಿತು.

ನಾಗಮ್ಮನಿಗೆ ಫೋನು ಮಾಡಿ, "ಧಾರೆ ನೀನೇ ಎರೀಬೇಕು, ಓಲೆ ನಾನು ಮಾಡ್ಕೊಡ್ತೀನಿ" ಎಂದುಬಿಟ್ಟೆ. ಮದುವೆಗೆ ಎರಡು ತಿಂಗಳಿತ್ತು. ಓಲೆ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಮಣ್ಣಿನ ಕೆಲಸ ನನಗೇನು ಹೊಸದು ಎಂಬ ಧೈರ್ಯ. ನಾನು ಹುಟ್ಟಿದ್ದು ಮಾಂಬಳ್ಳಿ. ಕೆರೆಯ ಜೇಡಿ ತಂದು ಮಣಿ ಉರುಳಿಸಿ, ಪೊರಕೆ ಕಡ್ಡಿಯಲ್ಲಿ ತೂತು ಮಾಡಿ, ಬಾಳೆನಾರಿನಲ್ಲಿ ಪೋಣಿಸಿ ಸರ ಹಾಕಿಕೊಂಡವರು ನಾವು. ಪೊರಕೆ ಕಡ್ಡಿ ಎಂದಾಗ ನೆನಪಾಯಿತು, ನನ್ನ ಕಿವಿ ಚುಚ್ಚಿದಾಗ ಮನೆಯಲ್ಲಿ ಚಿನ್ನವಿರಲಿಲ್ಲ. ತೂತು ಮುಚ್ಚಿಕೊಳ್ಳದಿರಲೆಂದು ಅವ್ವ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಕಡ್ಡಿ ಚೂರು ಸಿಕ್ಕಿಸಿದಳು. ನಾಲ್ಕು ವರ್ಷ ಅದೇ ನನ್ನ ಓಲೆ. ತಿಂಗಳಿಗೊಮ್ಮೆ ಹೊಸ ಕಡ್ಡಿ. ಸ್ಕೂಲಿನಲ್ಲಿ ಹುಡುಗರು, "ರತ್ನನ ಕಿವೀಲಿ ಮನೆ ಗುಡಿಸ್ಬೋದು ಕಣ್ರೋ" ಎನ್ನುತ್ತಿದ್ದರು. ನನ್ನ ಮೊದಲ ಸೀರೆ ಮಾರಿದ ಲಾಭದಲ್ಲಿ ಕೊಂಡದ್ದು ಒಂದು ಜೊತೆ ಬೆಂಡೋಲೆ. ಅದು ಬೇರೆ ಕತೆ.

ಪೊಟ್ಟಣದ ಮೇಲೆ ನೂರ ಮೂವತ್ತು ಡಿಗ್ರಿ ಓವನ್ನಿನಲ್ಲಿ ಬೇಯಿಸಿ ಎಂದು ಬರೆದಿತ್ತು. ಮೇಡಮ್ಮೂ ಹೇಳಿದ್ದರು. ನಾನು ನಂಬಲಿಲ್ಲ. ಮಣ್ಣು ಮಾರುವವನೂ ಓವನ್ ಮಾರುವವನೂ ಭಾವ-ಮೈದುನರಾಗಿರಬೇಕು, ಒಬ್ಬ ಇನ್ನೊಬ್ಬನಿಗೆ ಗಿರಾಕಿ ಕಳಿಸುತ್ತಿದ್ದಾನೆ ಎಂದು ನನ್ನ ವ್ಯಾಪಾರಿ ಬುದ್ಧಿ ಹೇಳಿತು. ಮಣ್ಣೆಂದ ಮೇಲೆ ಬಿಸಿಲಿಗೆ ಒಣಗಬೇಡವೆ? ನೀಲಿ ಮುದ್ದೆಯಲ್ಲಿ ಬಿಲ್ಲೆ ತಟ್ಟಿ ತಾರಸಿಯ ಮೇಲೆ ಹಪ್ಪಳದಂತೆ ಒಣಹಾಕಿದೆ. ಒಂದು ದಿನ, ಎರಡು ದಿನ, ನಾಲ್ಕು ದಿನ. ನಮ್ಮ ಕೊಳ್ಳೇಗಾಲದ ಬಿಸಿಲು ಗೊತ್ತಲ್ಲ, ಹಂಚಿನ ಮೇಲೆ ಬೆಕ್ಕು ಕಾಲಿಡುವುದಿಲ್ಲ. ಆದರೂ ಐದನೆಯ ದಿನ ಬೆರಳಿಟ್ಟರೆ ಬೆಣ್ಣೆಯಂತೆ ಒತ್ತಿತು. ಮೊದಲ ದಿನಕ್ಕಿಂತ ಮೆತ್ತಗಾಗಿತ್ತು! ಒಣಗಬೇಕಾದ ಮಣ್ಣು ಬಿಸಿಲಿಗೆ ಇಳಿದುಹೋಗುವುದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಬೇಯಿಸಲೇಬೇಕು ಎಂದಾಯಿತು. ಬೇಯಿಸುವುದು ಎಂದರೆ ನಮಗೆ ಗೊತ್ತಿರುವುದು ಹಬೆ. ಹಾಗೆ ಇಡ್ಲಿ ಪಾತ್ರೆ ಒಲೆಯೇರಿತು. ಮೇಲಿನೆರಡು ತಟ್ಟೆಯಲ್ಲಿ ಇಡ್ಲಿ, ಮೂರನೆಯದರಲ್ಲಿ ಓಲೆ. ಗ್ಯಾಸು ಉಳಿಯುತ್ತದಲ್ಲ ಎಂಬ ಲೆಕ್ಕಾಚಾರ. ಯಜಮಾನರು ತಿಂಡಿಗೆ ಕೂತವರು ಒಂದು ತುತ್ತು ಬಾಯಿಗಿಟ್ಟು ನಿಂತರು.

"ಲೇ ರತ್ನ, ಇಡ್ಲೀಗೆ ಯಾನ ಆಕಿದಯ?"

"ಉದ್ದು, ಅಕ್ಕಿ. ಇನ್ನೇನ್ ಆಕ್ತಾರೆ?"

"ಉದ್ದು ಒಸ ಬಕೀಟ್ ವಾಸ್ನೆ ಒಡೀತದಾ?"

ಇಡ್ಲಿಯನ್ನೆಲ್ಲ ಗುಂಡಿ ತೋಡಿ ಹೂತೆ. ಓಲೆಗಳು ಮೇಲೆ ಬೆಳ್ಳಗೆ ಮಚ್ಚೆ ಎದ್ದು, ಒಳಗೆ ಹಸಿಯಾಗಿ, ಮುಟ್ಟಿದರೆ ಮುರಿದವು. ಒಂದು ಮಾತ್ರ ಗುಳಿಗೆ ಅಂಟಿಕೊಂಡು ಇವತ್ತಿಗೂ ಪುಟ್ಟಮ್ಮಣ್ಣಿಯ ಮುನಿಸಿಗೆ ಕಾರಣವಾಗಿದೆ. ಕೇಳಿ, ಈ ಮಣ್ಣಿಗೆ ಮುಟ್ಟಿಸಿದ ಪಾತ್ರೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ಇದು ಪೊಟ್ಟಣದ ಮೇಲೂ ಇತ್ತು. ನಾನು ಓದಿದ್ದು ಇಡ್ಲಿ ಹೂತ ಮೇಲೆ.

ಮೂರನೆಯ ಪ್ರಯೋಗ ದೋಸೆಯ ಕಾವಲಿಯದು. ಅದನ್ನು ಉದ್ದ ಮಾಡುವುದಿಲ್ಲ. ಕಪ್ಪು ಹೊಗೆ ಎದ್ದಿತು, ಕಣ್ಣು ಮೂಗು ಉರಿದವು, ಯಜಮಾನರು ಕರೆಂಟಿನ ವೈರು ಸುಟ್ಟಿತೆಂದು ಮೇನ್ ಸ್ವಿಚ್ ಆರಿಸಿ ಬೀದಿಗೆ ಓಡಿದರು. ಮನೆಯ ಕಿಟಕಿಗಳನ್ನೆಲ್ಲ ತೆರೆದು ನಾವಿಬ್ಬರೂ ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತಿದ್ದೆವು. ಮದುವೆಗೆ ಒಂದೂವರೆ ತಿಂಗಳು ಉಳಿದಿತ್ತು. ನಾಗಮ್ಮನ ಫೋನು ಬಂತು. "ಆಯ್ತಾ ಅಕ್ಕ?" ಆಗ್ತಾ ಇದೆ ಎಂದೆ. ಮುಂದಿದ್ದದ್ದು ಇದ್ದಿಲಿನ ಬಿಲ್ಲೆ.

ಆ ಜಗಲಿಯ ಮೇಲೆ ಕೂತಿದ್ದಾಗಲೇ ನನಗೆ ಹೊಳೆದದ್ದು. ನೂರ ಮೂವತ್ತು ಡಿಗ್ರಿ ಅಲ್ಲದಿದ್ದರೂ ಅದರ ಹತ್ತಿರಕ್ಕೆ ಹೋಗುವ, ಅಳತೆಯ ಮೀಟರ್ ಸಮೇತ ಇರುವ ಬಿಸಿಗೂಡು ನಮ್ಮ ಸೀಮೆಯಲ್ಲಿ ಮೊದಲಿಂದಲೂ ಇದೆಯಲ್ಲ! ರೇಷ್ಮೆಗೂಡನ್ನು ನೂಲು ಬಿಚ್ಚುವ ಮೊದಲು ಒಳಗಿನ ಹುಳು ಸಾಯಲೆಂದು ಬಿಸಿಗಾಳಿಯ ಪೆಟ್ಟಿಗೆಯಲ್ಲಿಟ್ಟು ಒಣಗಿಸುತ್ತಾರೆ. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ತಟ್ಟೆಯ ಮೇಲೆ ತಟ್ಟೆ. ಮಾಂಬಳ್ಳಿಯ ಮಾದಪ್ಪನ ನೂಲು ಬಿಚ್ಚುವ ಮನೆಯಲ್ಲಿ ಅಂಥದೊಂದಿತ್ತು. ನನ್ನ ಬಾಲ್ಯದ ಗೆಳೆಯ ಅವನು. ಕಡ್ಡಿ ಓಲೆಯ ಕಾಲದವನು.

"ಉಳ ಸಾಯ್ಲಿ ಅಂತ ಮಡಗಿರ ಪೆಟ್ಗೆ ಕಣ್ ರತ್ನ ಇದು, ಒಡವೆ ಬೇಯ್ಲಿ ಅಂತಲ್ಲ" ಎಂದ ಮಾದಪ್ಪ.

"ಬಿಸಿಗೇನು ಗೊತ್ತು ಹುಳ ಯಾವ್ದು ಒಡವೆ ಯಾವ್ದು ಅಂತ? ಕೆಳಗಿನ ತಟ್ಟೇಲಿ ಒಂದು ಮೂಲೆ ಕೊಡು."

ಗೂಡುಗಳ ಕೆಳಗೆ, ತಗಡಿನ ಮೇಲೆ ನನ್ನ ಬಿಲ್ಲೆಗಳು ಕೂತವು. ಮೀಟರಿನ ಮುಳ್ಳು ನೂರ ಹದಿನೈದರ ಮೇಲೆ ನಿಂತಿತ್ತು. ಒಂದು ಗಂಟೆ ಬಿಟ್ಟು ತೆಗೆದರೆ, ಸ್ವಾಮಿ, ಗಟ್ಟಿ! ಉಗುರು ಊರಿದರೆ ಇಳಿಯಲಿಲ್ಲ. ನೆಲಕ್ಕೆ ಹಾಕಿದರೆ ಮುರಿಯಲಿಲ್ಲ. ನಾನೂ ಮಾದಪ್ಪನೂ ಎಳೆಯರಂತೆ ಅದನ್ನು ಮತ್ತೆ ಮತ್ತೆ ನೆಲಕ್ಕೆ ಹಾಕಿ ಎತ್ತಿಕೊಂಡೆವು. ಹೊನ್ನಿನ ಬಣ್ಣದ ಬಿಲ್ಲೆಯ ಮೇಲೆ ದಾಳಿಂಬೆ ಬೀಜದಂಥ ಏಳು ಕೆಂಪು ಕಲ್ಲು ಕೂರಿಸಿ, ಮಾರನೆಯ ದಿನವೇ ಮತ್ತೆ ಹೋಗಿ ಅದನ್ನೂ ಅಲ್ಲೇ ಬೇಯಿಸಿದೆ. ಏಳು ಕಲ್ಲಿನ ಓಲೆ! ಮನೆಗೆ ತಂದು ಯಜಮಾನರಿಗೆ ತೋರಿಸಿದೆ. ಅವರೂ ಮೆಚ್ಚಿದರು. ಬಟ್ಟೆಯಲ್ಲಿ ಸುತ್ತಿ ಸತ್ತೇಗಾಲದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ನನ್ನ ಗಂಟಿಗೆ ಜಾಗ ಬಿಟ್ಟಳಲ್ಲ, ಎಂಥ ಒಳ್ಳೆಯ ಹೆಣ್ಣು ಎಂದುಕೊಂಡೆ.

ನಾಗಮ್ಮ ಬಾಗಿಲಲ್ಲೇ ಕಾದಿದ್ದಳು. ಒಳಗೆ ಕೂತು ಸುತ್ತಿದ್ದ ಬಟ್ಟೆ ಬಿಚ್ಚಿದೆ. ಓಲೆ ನೋಡಿ ಆಕೆಯ ಕಣ್ಣು ಅರಳಿತು. ಮರುಗಳಿಗೆ ಸೆರಗು ಮೂಗಿಗೆ ಹೋಯಿತು. ಒಲೆಯ ಮುಂದೆ ಮಲಗಿದ್ದ ಬೆಕ್ಕು ಎದ್ದು ಬಂದು ನನ್ನ ತೊಡೆ ಏರಿ, ಓಲೆಯನ್ನು ನೆಕ್ಕತೊಡಗಿತು.

"ಅಕ್ಕ, ಬೇಜಾರ್ ಮಾಡ್ಕಬ್ಯಾಡ. ಗಂಟ್ನಲ್ಲಿ ಯಾನೋ ಸತ್ತದೆ."

"ಸತ್ತಿದೆಯಾ? ಏನು ಸತ್ತಿದೆ?"

"ವಾಸ್ನೆ ಬತ್ತಿಲ್ವ ನಿಂಗೆ?"

ಇಲ್ಲ! ನನಗೆ ಬರುತ್ತಿರಲಿಲ್ಲ. ಮೂಗಿಗೆ ಒತ್ತಿ ಹಿಡಿದು ಮೂಸಿದೆ, ಆಗಲೂ ಇಲ್ಲ. ಆ ಕ್ಷಣದಲ್ಲಿ ನನಗಾದ ಗಾಬರಿ ಕಾವಲಿಯ ಹೊಗೆ ಎದ್ದಾಗಲೂ ಆಗಿರಲಿಲ್ಲ. ಸತ್ತ ರೇಷ್ಮೆಹುಳುವಿನ ನಾತ ಅದು. ಸಾವಿರಾರು ಗೂಡುಗಳ ಹುಳು ಬೆಂದ ಗಾಳಿಯಲ್ಲಿ ಮೆತ್ತಗಿದ್ದ ಮಣ್ಣು ಒಂದು ಗಂಟೆ ಕೂತು ಅದನ್ನು ಕುಡಿದುಬಿಟ್ಟಿತ್ತು. ನಮ್ಮವ್ವ ಕುದಿಯುವ ಗೂಡಿನ ಬಾನಿಯ ಮುಂದೆ ಕೂತು ನೂಲೆಳೆಯುತ್ತಿದ್ದಳು. ಅವಳ ಬೆರಳ ತುದಿ ಯಾವಾಗಲೂ ನೆನೆದ ಅವರೆಕಾಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಆ ಬೆರಳಿನಿಂದಲೇ ನಮಗೆ ಅನ್ನ ಕಲಸಿ ಹಾಕುತ್ತಿದ್ದಳು. ನಾನು, ಮಾದಪ್ಪ, ಅದೇ ಬೀದಿಯಲ್ಲಿ ಬೆಳೆದ ನಮ್ಮ ಯಜಮಾನರು, ನಮ್ಮ ಮೂವರ ಮೂಗಿಗೂ ಅದು ವಾಸನೆಯೇ ಅಲ್ಲ, ಗಾಳಿ. ಕಬ್ಬಿನ ಸೀಮೆಯ ನಾಗಮ್ಮನಿಗೆ ಅದು ಹೆಣ. ಐವತ್ತೆಂಟು ವರ್ಷ ನನ್ನ ಮೂಗು ನನಗೆ ಮೋಸ ಮಾಡಿದೆ ಎಂದು ಅವತ್ತು ಗೊತ್ತಾಯಿತು. ಬಸ್ಸಿನಲ್ಲಿ ಎದ್ದುಹೋದ ಹೆಂಗಸಿನ ಮುಖ ಕಣ್ಣ ಮುಂದೆ ಬಂತು. ಇಷ್ಟು ವರ್ಷ ನನಗೆ ಜಾಗ ಬಿಟ್ಟುಕೊಟ್ಟವರ ಮುಖಗಳೆಲ್ಲ ಸಾಲಾಗಿ ಬಂದವು.

ಸೋಪು, ನಿಂಬೆಹುಳಿ, ಸಾಂಬ್ರಾಣಿ, ಯಾವುದಕ್ಕೂ ಅದು ಹೋಗಲಿಲ್ಲ. ನನಗೆ ಹೋದದ್ದು ಉಳಿದದ್ದು ತಿಳಿಯುತ್ತಲೂ ಇರಲಿಲ್ಲ. ನಾಗಮ್ಮ ಮೂಸಿ ಮೂಸಿ ತಲೆಯಾಡಿಸಿದಳು. "ಬುಡಕ್ಕ, ನಿನ್ ಕೈಲಾದ್ದ ಮಾಡ್ದೆ. ಸಾಕಮ್ಮಂಗೇ ಏಳ್ತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ಬಹುಶಃ ನಾನು ಸೀರೆ ಗಂಟು ಹೊತ್ತುಕೊಂಡು ಮನೆಗೆ ಹೋಗಿಬಿಡುತ್ತಿದ್ದೆ. ಹಾಗೆ ತಣ್ಣಗೆ ಹೇಳಿದ್ದೇ ನನಗೆ ತಡೆಯಲಾಗಲಿಲ್ಲ.

ಓವನ್ ಹುಡುಕಿಕೊಂಡು ಹನೂರಿಗೆ ಹೋದೆ. ಕೇಕು ಮಾಡುವುದನ್ನು ನಿಲ್ಲಿಸಿದ ಒಬ್ಬ ಬೇಕರಿಯವನ ಹತ್ತಿರ ಚಿಕ್ಕದೊಂದು ಮೂಲೆಯಲ್ಲಿ ಬಿದ್ದಿದೆ ಎಂದು ಸುಳಿವು ಸಿಕ್ಕಿತ್ತು. ನನ್ನ ನಿಯಮದ ಪ್ರಕಾರ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಿಸ್ಕತ್ತಿನ ಗಾಜಿನ ಭರಣಿಯ ಬೆಲೆ ಕೇಳಿದೆ, ಜಗಳವಾಡಿದೆ, ಮುನಿದೆ, ಎರಡು ಹೆಜ್ಜೆ ಹೊರಟೆ, ತಿರುಗಿದೆ. "ಹೋಗ್ಲಿ, ಆ ಡಬ್ಬ ಎಷ್ಟು?" ಆಸಾಮಿ ಹೇಳಿದ ಬೆಲೆಗೆ ನಾನು ಮರುಮಾತಾಡಲಿಲ್ಲ, ಅಷ್ಟು ಕಡಿಮೆ. ಗೆದ್ದೆನೆಂದು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದು ಮನೆಯಲ್ಲಿಳಿಸಿ ನೋಡಿದರೆ, ಬಿಸಿಯ ಗುಂಡಿಯ ಸುತ್ತ ಒಂದೇ ಒಂದು ಅಂಕಿಯಿಲ್ಲ. ಎಲ್ಲ ಅಳಿಸಿಹೋಗಿದೆ! ನೋಡದವಳಂತೆ ನಟಿಸುವ ಭರದಲ್ಲಿ ನಾನು ನಿಜಕ್ಕೂ ನೋಡಿರಲಿಲ್ಲ. ಉಳಿದರ್ಧ ಹೇಗೆ ಹೋಗುತ್ತದೆ ಎಂದೆನಲ್ಲ, ಹೀಗೆ.

ಮಾದಪ್ಪನ ಕೈಕಾಲು ಹಿಡಿದು ಅವನ ಹಳೆಯ ಥರ್ಮಾಮೀಟರ್ ತಂದೆ. ಅದನ್ನು ಬಾಗಿಲ ಸಂದಿಯಲ್ಲಿ ತೂರಿಸಿ, ಗುಂಡಿಯನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿ, ಸರಿಯಾದ ಜಾಗದಲ್ಲಿ ಕುಂಕುಮದಿಂದ ಗೆರೆ ಎಳೆದೆ. ಆಮೇಲೆ ಶುರುವಾಯಿತು ನಿಜವಾದ ಕೆಲಸ. ಮಣ್ಣನ್ನು ಚಪಾತಿ ಹಿಟ್ಟಿನಂತೆ ನಾದದಿದ್ದರೆ ಬಿರುಕು ಬಿಡುತ್ತದೆ. ಅವಸರಕ್ಕೆ ಬಿಸಿ ಹೆಚ್ಚಿಸಿದರೆ ಹೊನ್ನು ಕಂದಾಗುತ್ತದೆ. ಕೆಂಪು ಮುಟ್ಟಿದ ಕೈ ತೊಳೆಯದೆ ಬಿಳಿ ಮುಟ್ಟಿದರೆ ಮುಗಿಯಿತು. ನನ್ನ ಬೆರಳಚ್ಚು ಪೊಲೀಸರಿಗೆ ಬೇಕಾಗುವಷ್ಟು ಸ್ಪಷ್ಟವಾಗಿ ಮೂಡುತ್ತಿತ್ತು. ಒದ್ದೆ ಹತ್ತಿಯಲ್ಲಿ ಸವರಿದರೆ ಹೋಗುತ್ತದೆ ಎಂದು ಆರನೆಯ ಜೊತೆಯಲ್ಲಿ ಕಲಿತೆ. ಎಂಟನೆಯ ಜೊತೆ ಕಣ್ಣಿಗೆ ಹಬ್ಬವಾಗಿತ್ತು. ಆದರೆ ಹಾಲೆಯೇ ಇಲ್ಲದ ಕಿವಿಗೆ ಅದನ್ನು ನೇತುಹಾಕುವುದು ಎಲ್ಲಿಗೆ? ಇಷ್ಟು ದಿನ ಓಲೆಯನ್ನೇ ನೋಡುತ್ತ ಕೂತಿದ್ದ ನನಗೆ ಈ ಪ್ರಶ್ನೆ ಎದುರಾದದ್ದು ಆಗಲೇ.

ಎದುರಿಗೆ ಯಜಮಾನರು ಪೇಪರ್ ಓದುತ್ತಿದ್ದರು. ಕನ್ನಡಕದ ಕಾಲು ಕಿವಿಯ ಹಿಂದೆ ಬಳ್ಳಿಯಂತೆ ಬಾಗಿ, ಯಾವ ತೂತಿನ ಹಂಗೂ ಇಲ್ಲದೆ ಭದ್ರವಾಗಿ ಕೂತಿತ್ತು.

ಅವರ ಹಳೆಯ ಕನ್ನಡಕದ ಕಾಲು ಮುರಿದು ಹಸಿ ಓಲೆಗೆ ಸಿಕ್ಕಿಸಿ ಓವನ್ನಿನಲ್ಲಿಟ್ಟೆ. ಕಾಲು ಕರಗಿ ಓಲೆಯ ಮೇಲೆ ಮಲಗಿತು. ಬೆಂದ ಮೇಲೆ ಅಂಟಿಸಬೇಕಿತ್ತು ಎಂದು ಗೊತ್ತಾಗುವ ಹೊತ್ತಿಗೆ ಹಳೆಯದು ಮುಗಿದಿತ್ತು, ಉಳಿದದ್ದು ಮೂಗಿನ ಮೇಲಿನದು. ಮಾರನೆಯ ಬೆಳಿಗ್ಗೆ ಯಜಮಾನರು ಗಾಜನ್ನು ಕೈಯಲ್ಲಿ ಹಿಡಿದು ಬಂದರು.

"ಲೇ, ಇದ್ರ ಕಾಲೆಲ್ಲಿ?"

"ಧಾರೆಗೆ ಹೋಗಿದೆ."

"ಬರದು ಯಾವಾಗ?"

"ಬರಲ್ಲ."

ಆ ಮನುಷ್ಯ ಹೊಸ ಕನ್ನಡಕ ಬರುವವರೆಗೆ ಗಾಜಿಗೆ ದಾರ ಕಟ್ಟಿಕೊಂಡು ಪೇಪರ್ ಓದಿದರು.

ಹನ್ನೊಂದನೆಯ ಜೊತೆ. ಏಳು ಕೆಂಪು ಕಲ್ಲು, ಸುತ್ತ ಅಕ್ಕಿಕಾಳಿನಷ್ಟು ಬಿಳಿ ಮುತ್ತು, ಹಿಂದೆ ಕೂದಲಿನ ಬಣ್ಣದ ರೇಷ್ಮೆ ನೂಲು ಸುತ್ತಿದ ಕನ್ನಡಕದ ಕಾಲು. ಕಿವಿಯ ಮೇಲಿಂದ ಇಳಿದು, ಹರಿದ ಹಾಲೆಯನ್ನು ಪೂರ್ತಿ ಮುಚ್ಚಿ ನಿಲ್ಲಬೇಕು. ಮದುವೆಯ ಹಿಂದಿನ ದಿನ ಕೊಳ್ಳೇಗಾಲದ ಛತ್ರದಲ್ಲಿ ನಾಗಮ್ಮನಿಗೆ ಹಾಕಿದೆ. ಮೊದಲು ಮೂಸಿದಳು. ಆಮೇಲೆ ತಲೆಯಾಡಿಸಿದಳು, ಬಗ್ಗಿದಳು, ಎದ್ದಳು. ಬೀಳಲಿಲ್ಲ. ಕನ್ನಡಿಯ ಮುಂದೆ ನಿಂತು ಒಂದೊಂದೇ ಕಿವಿ ತಿರುಗಿಸಿ ನೋಡಿಕೊಂಡಳು. ಧಾರೆ ಎರೆಯುತ್ತಾಳೋ ಇಲ್ಲವೋ ಎಂದು ಮಾತ್ರ ಹೇಳಲಿಲ್ಲ.

ಮುಹೂರ್ತದ ಹೊತ್ತಿಗೆ ನಾನು ಮಂಟಪದ ಮುಂದೆ ಕೂತಿದ್ದೆ. ಕೈಯಲ್ಲಿ ಅಂಟಿನ ಟ್ಯೂಬು ಹಿಡಿದಿದ್ದೆ. ನಾಗಮ್ಮನ ಗಂಡ ಮಗಳ ಕೈ ಹಿಡಿದು ನಿಂತರು. ಗಿಂಡಿ ಹಿಡಿದು ಸಾಕಮ್ಮ ಮೆಟ್ಟಿಲ ಹತ್ತಿರ ಬಂದಳು, ಕಿವಿಯಲ್ಲಿ ಅಡಿಕೆ ಗಾತ್ರದ ಓಲೆ ಹೊಳೆಯಿಸಿಕೊಂಡು. ಆಗ ಹಿಂದಿನಿಂದ ನಾಗಮ್ಮ ಬಂದಳು. ಸೆರಗು ತಲೆಯ ಮೇಲಿರಲಿಲ್ಲ. ಗದ್ದೆಗೆ ಇಳಿಯುವವಳ ಹಾಗೆ ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದಳು. "ತತ್ತಾ ಸಾಕಮ್ಮ" ಎಂದು ಗಿಂಡಿ ಈಸಿಕೊಂಡಳು. ವೀಡಿಯೋದವನು, "ಅಮ್ಮ, ಒಸಿ ತಲೆ ಎತ್ತಿ" ಎಂದ. ಎತ್ತಿದಳು. ದೊಡ್ಡ ಫ್ಯಾನಿನ ಗಾಳಿಗೆ ಓಲೆ ಒಮ್ಮೆ ಅಲುಗಿತು, ನಾನು ಅರ್ಧ ಎದ್ದೆ. ಹಾಲು ಸಣ್ಣ ಧಾರೆಯಾಗಿ ಮಗಳ ಕೈಮೇಲೆ ಬೀಳುತ್ತಿತ್ತು. ಖಾಲಿಯಾಗುವವರೆಗೂ ಬಿದ್ದಿತು.

ನಾನು ಮುಖ ಒರೆಸಿಕೊಂಡು ಊಟಕ್ಕೆ ಹೊರಟಿದ್ದೆ. ಯಾರೋ ರಟ್ಟೆ ಹಿಡಿದು ತೆಂಗಿನಕಾಯಿ, ವೀಳ್ಯದೆಲೆ ಪೇರಿಸಿದ್ದ ಉಗ್ರಾಣದ ಕೋಣೆಗೆ ಎಳೆದರು. ಸಾಕಮ್ಮ. ಅಗಳಿ ಹಾಕಿದಳು. ಗಿಂಡಿ ಕಿತ್ತುಕೊಂಡದ್ದಕ್ಕೆ ನನ್ನ ಮೇಲೆ ಜಗಳಕ್ಕೆ ಬಂದಳೆಂದುಕೊಂಡು ನಾನು ನಾಲಿಗೆ ಮಸೆದುಕೊಂಡೆ. ಅವಳು ತನ್ನ ಓಲೆಗೆ ಕೈ ಹಾಕಿದಳು. ಅದು ಕಿವಿಯಿಂದ ಬಿಚ್ಚಿಕೊಳ್ಳಲಿಲ್ಲ, ಕೂದಲಿನಿಂದ ಬಿಚ್ಚಿಕೊಂಡಿತು. ಕಪ್ಪು ದಾರದಲ್ಲಿ ಜಡೆಯೊಳಗೆ ಕಟ್ಟಿದ್ದಳು. ಕೆಳಗೆ ಹಾಲೆಯ ಜಾಗದಲ್ಲಿ ಎರಡು ಸೀಳು, ಮೇಲೊಂದು ಬ್ಯಾಂಡೇಜಿನ ಪಟ್ಟಿ.

ಓರಗಿತ್ತಿಯರಿಬ್ಬರದೂ ಒಂದೇ ಮನೆಯ ಎರಡು ಭಾಗ, ನಡುವೆ ಒಂದೇ ಗೋಡೆ.

"ನಾಗಮ್ಮಂಗೆ ಗೊತ್ತಾ?"

"ಊಹ್ಞೂಂ. ಅವ್ಳು ನನ್ ಓಲೆ ನೋಡಿ ಒಟ್ಟೆ ಉರ್ಕತಿದ್ಲು. ನಾನು ಅವ್ಳ ಸೆರಗ ನೋಡಿ ಉರ್ಕತಿದ್ದೆ. ಅವ್ಳು ಮುಚ್ಕಂಡಾದ್ರೂ ಸುಖವಾಗಿದ್ಲಲ್ಲಕ್ಕ. ನಂಗೆ ರಾತ್ರಿಯೆಲ್ಲ ತಲೆಬುಡ ಎಳೀತದ."

ಬಾಗಿಲು ತಟ್ಟಿದ ಸದ್ದು. ಸಾಕಮ್ಮ ಗಾಬರಿಯಿಂದ ಪಟ್ಟಿಯ ಮೇಲೆ ಅಂಗೈ ಮುಚ್ಚಿಕೊಂಡಳು. ಸಂದಿ ಮಾಡಿ ನೋಡಿದೆ. ಬೀಗರ ಕಡೆಯ ಒಬ್ಬ ಮುದುಕಿ, ತಲೆಯ ತುಂಬ ಸೆರಗು. ಹಿಂದೆ ಇನ್ನಿಬ್ಬರು, ಒಬ್ಬರನ್ನೊಬ್ಬರು ನೋಡದ ಹಾಗೆ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು.

"ಎಣ್ಣಿನವ್ವನ ಕಿವೀದ ಮಾಡ್ದವ್ರು ಇಲ್ಲೇ ಅವ್ರಂತೆ" ಎಂದಳು ಮುದುಕಿ, ಪಿಸುಮಾತಿನಲ್ಲಿ. "ಒಳಿಕ್ಕೆ ಬುಡವ್ವ. ಯಾರ್ಗೂ ಏಳ್ಬ್ಯಾಡ."

ಬಿಟ್ಟುಕೊಂಡೆ. ಅಗಳಿ ಹಾಕಿದೆ. ಹೊರಗೆ ನಾಗಮ್ಮ, "ರತ್ನಕ್ಕ ಎಲ್ಲೋದ್ಲು, ಊಟಕ್ಕೆ ಕರೀರೋ" ಎಂದು ದೊಡ್ಡ ದನಿಯಲ್ಲಿ ಕೂಗುತ್ತಿದ್ದದ್ದು ಕೇಳುತ್ತಿತ್ತು. ಸೆರಗುಗಳು ಒಂದೊಂದಾಗಿ ಇಳಿದವು. ನಾನು ಹೂವಿನ ದಾರ ಕಿತ್ತು ಗಂಟು ಹಾಕಿ ಹಾಕಿ ಒಬ್ಬೊಬ್ಬರ ಕಿವಿ ಅಳೆಯುತ್ತಾ ಕೂತೆ. ಕೊನೆಯ ಪಂಕ್ತಿಯ ಎಲೆ ಎತ್ತುವವರೆಗೂ ಆ ಬಾಗಿಲು ತೆಗೆಯಲಾಗಲಿಲ್ಲ.